ಸಂಜೆಗೆ ಮನೆ ಮುಟ್ಟುವ ಕೆಲಸ

ಕಲಬುರಗಿಗೆ ಬಂದ ಮೊದಲ ದಿನ, ನಂದೂರಿನ ಕೈಗಾರಿಕಾ ಪ್ರದೇಶದ ತರಬೇತಿ ಕೇಂದ್ರದಲ್ಲಿ ನನಗೆ ತೋರಿಸಿದ್ದು ಪಾಠಕ್ಕೆಂದೇ ಮಾಡಿದ ಒಂದು ಹೋಟೆಲ್ ಕೋಣೆ. ಡಬಲ್ ಕಾಟು, ಬಿಳಿ ಹಾಸು, ಹಾಸಿನ ಮೇಲೆ ಟವೆಲ್ ಮಡಚಿ ಮಾಡಿದ ಜೋಡಿ ಹಂಸ. ಕೋಣೆಗೆ ನಂಬರಿತ್ತು, ಬಾಗಿಲಿಗೆ ಕರೆಗಂಟೆಯಿತ್ತು, ಅತಿಥಿ ಮಾತ್ರ ಯಾವತ್ತೂ ಬರುವವನಲ್ಲ. ಕಿಟಕಿಯ ಆಚೆ ಬೇಳೆ ಮಿಲ್ಲುಗಳ ಸಾಲು, ಕಣ್ಣು ಬಿಡಲಾಗದ ಬಿಸಿಲು, ಗಾಳಿಯಲ್ಲಿ ತೊಗರಿ ಹೊಟ್ಟಿನ ದೂಳು. ಹಂಸಗಳ ಬೆನ್ನ ಮೇಲೂ ದೂಳು ಕೂತು ಹಳದಿಯಾಗಿತ್ತು. ಇಲ್ಲಿನ ಹೆಣ್ಣುಮಕ್ಕಳಿಗೆ ಹೋಟೆಲ್ ಕೆಲಸ ಕಲಿಸು ಎಂದು ಮೈಸೂರಿನಿಂದ ನನ್ನನ್ನು ಕರೆಸಿದ್ದರು.

ಮೈಸೂರಿನಲ್ಲಿ ಈ ಕೆಲಸಕ್ಕೆ ಅರ್ಥವಿದೆ. ಪ್ರವಾಸಿಗಳು ಬರುತ್ತಾರೆ, ಹೋಟೆಲುಗಳಿವೆ, ಕಲಿತವಳು ನಡೆದುಕೊಂಡೇ ಕೆಲಸಕ್ಕೆ ಹೋಗಬಹುದು. ಇಲ್ಲಿ ಕಲಿತವರನ್ನು ಹೈದರಾಬಾದಿನ ಹೋಟೆಲುಗಳಿಗೆ ಕಳಿಸುತ್ತಿದ್ದರು. ಕೆಲವರು ಅಲ್ಲೇ ನಿಲ್ಲುತ್ತಿದ್ದರು, ಹೆಚ್ಚಿನವರು ಹಬ್ಬಕ್ಕೆ ಬಂದವರು ತಿರುಗಿ ಹೋಗುತ್ತಿರಲಿಲ್ಲ. ಅದೇ ಹೊತ್ತಿಗೆ ನಮ್ಮ ಕಾಂಪೌಂಡಿನ ಪಕ್ಕದ ಮಿಲ್ಲಿಗೆ ಹೊಸ ಯಂತ್ರ ಬಂದು, ನಡೆಸುವವರಿಲ್ಲದೆ ದೂರದ ಊರಿನಿಂದ ಜನ ಕರೆಸುತ್ತಿದ್ದರು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಹಾಗೆ. ಇಲ್ಲಿಯವರನ್ನು ಹೊರಗೆ ಕಳಿಸುವುದು, ಹೊರಗಿನವರನ್ನು ಇಲ್ಲಿಗೆ ತರಿಸುವುದು. ನಾನೂ ಹಾಗೆ ತರಿಸಿದ ಸರಕೇ.

ಮನೆ ಹುಡುಕಿದ್ದು ಇನ್ನೊಂದು ಕತೆ. ಶರಣಸಿರಸಗಿಯ ಹೊಸ ಲೇಔಟಿನಲ್ಲಿ ಒಳ್ಳೆಯ ಮನೆ ಸಿಕ್ಕಿತ್ತು. ಅಲ್ಲಿಗೆ ಬಿಟ್ಟ ಆಟೊದವನು, ಸಂಜೆ ಮೇಲೆ ಈ ಕಡೆ ಯಾರೂ ಬರಂಗಿಲ್ರಿ ಎಂದು ಹೇಳಿ ಹೋದ. ಕೊನೆಗೆ ಶಹರದೊಳಗೆ ಜುಬೇದಾ ಖಾಲಾ ಅವರ ಮಹಡಿಯ ಕೋಣೆ ಹಿಡಿದೆ. ಖಾಲಾ ಅಂದರೆ ಅವರ ದಖನಿ ಉರ್ದುವಿನಲ್ಲಿ ತಾಯಿಯ ಅಕ್ಕತಂಗಿ. ಗಂಡ ಹೋದ ಮೇಲೆ ಕೆಳಗೆ ಮಗ, ಸೊಸೆಯ ಜೊತೆ ಇದ್ದಾರೆ. ನಾನು ಬೀಗ ತೆಗೆಯುವ ಮೊದಲೇ ಮೇಲೆ ಬಂದು ನಿಂತು ಕೇಳಿದರು: "ಒಬ್ಬಾಕೀನೇ ಇರ್ತೀ ಏನ್? ಹೆದ್ರಿಕಿ ಆಗಂಗಿಲ್ಲ?"

ಆಗುತ್ತಿತ್ತು. ನಕ್ಕು ಬೀಗ ತೆಗೆದೆ. ಭಾನುವಾರ ಮಧ್ಯಾಹ್ನ ಇಡೀ ಬೀದಿ ಬಿಸಿಲಿಗೆ ಬಾಗಿಲು ಹಾಕಿಕೊಂಡಾಗ ಫ್ಯಾನಿನ ಸದ್ದು ಕೇಳುತ್ತಾ, ನಾನೇಕೆ ಬಂದೆ ಎಂದು ಅಳು ಬರುತ್ತಿತ್ತು. ಊಟವೂ ಜಗಳಕ್ಕೆ ನಿಂತಿತ್ತು. ಜೋಳದ ರೊಟ್ಟಿ ಅಗಿದು ಅಗಿದು ದವಡೆ ನೋಯುತ್ತಿತ್ತು. ನಾನು ಮಾಡಿದ ತಿಳಿಸಾರನ್ನು ಖಾಲಾ ಒಂದು ಗುಟುಕು ಕುಡಿದು, "ಚಲೋ ಅದ, ಆದ್ರ ಇದರಾಗ ಬ್ಯಾಳಿ ಎಲ್ಲಿ ಹೋತು?" ಎಂದರು. ತೊಗರಿಯ ನಾಡಿನಲ್ಲಿ ನೀರಿಗೆ ಬೇಳೆ ತೋರಿಸಿ ತೆಗೆದವಳು ನಾನು. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ? ಪುಂಡಿ ಸೊಪ್ಪಿನ ಪಲ್ಲೆಯ ಹುಳಿಗೆ ನಾಲಿಗೆ ಒಗ್ಗಿದ ಮೇಲೆ ರೊಟ್ಟಿಯೂ ಒಗ್ಗಿತು.

ಒಗ್ಗಲು ತಡವಾದದ್ದು ಇಲ್ಲಿಯವರ 'ಇಲ್ಲ'ಕ್ಕೆ. ನಮ್ಮ ಕಡೆ ಯಾರೂ ಮುಖಕ್ಕೆ ಇಲ್ಲ ಅನ್ನುವುದಿಲ್ಲ. 'ನೋಡೋಣ' ಅನ್ನುತ್ತೇವೆ, ಕೇಳಿದವರು ಅರ್ಥ ಮಾಡಿಕೊಂಡು ಹೋಗುತ್ತಾರೆ. ಇಲ್ಲಿ ತರಕಾರಿಯವಳಿಂದ ಹಿಡಿದು ಬ್ಯಾಂಕಿನವರವರೆಗೆ ಎಲ್ಲರೂ 'ಆಗಂಗಿಲ್ರಿ' ಎಂದು ಒಂದೇ ಏಟಿಗೆ ಹೇಳಿ, ಆಮೇಲೆ ಚಹಾ ಕುಡಿಸುತ್ತಾರೆ. ಖಾಲಾ ಅಂತೂ 'ನಕ್ಕೋ' ಅನ್ನುತ್ತಾರೆ. ಬೇಡ ಎಂದು ಅರ್ಥ. ಅವರು ನಕ್ಕೋ ಅಂದಮೇಲೆ ಮಾತು ಮುಗಿಯಿತು. ಮೊದಮೊದಲು ನನಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು.

ನನ್ನ ತರಗತಿಯಲ್ಲಿ ಕಮಲಾಪುರದ ಸಂಗೀತಾ ಇದ್ದಳು. ಗಂಡ ಮಹಾಗಾಂವ ಕಡೆ ಟೆಂಪೊ ಓಡಿಸುತ್ತಾನೆ, ಮಗಳು ಇನ್ನೂ ಅಂಗನವಾಡಿ. ಹಂಸ ಮಡಚುವುದರಲ್ಲಿ ಎಲ್ಲರಿಗಿಂತ ಮುಂದೆ. ಒಂದು ದಿನ ಊರಿನ ಕೆಂಪು ಬಾಳೆಹಣ್ಣು ತಂದು ಮೇಜಿನ ಮೇಲಿಟ್ಟು ನೇರವಾಗಿ ಕೇಳಿದಳು.

"ಮೇಡಂ, ಹೈದರಾಬಾದಿಗೆ ನಾ ಹೋಗಂಗಿಲ್ರಿ. ಮಗಳು ಸಣ್ಣಾಕಿ ಅದಾಳ. ಸಂಜಿಗೆ ಮನಿ ಮುಟ್ಟೂ ಕೆಲಸ ಇದ್ರ ಹೇಳ್ರಿ."

ಮುಟ್ಟುವುದು ಎಂದರೆ ಇಲ್ಲಿ ತಲುಪುವುದು. ಸಂಜೆಗೆ ಮನೆ ತಲುಪುವ ಕೆಲಸ! ಅಷ್ಟು ಸಣ್ಣ ಆಸೆಗೆ ನನ್ನ ಪಾಠದಲ್ಲಿ ಎಲ್ಲೂ ಜಾಗವಿರಲಿಲ್ಲ. ಅವತ್ತು ಮನೆಗೆ ಹೋಗುವವರೆಗೂ ಆ ಪಾಠದ ಮೇಲಿನ ಸಿಟ್ಟು ಇಳಿಯಲಿಲ್ಲ.

ಮರುದಿನ ಪಕ್ಕದ ಮಿಲ್ಲಿಗೆ ನುಗ್ಗಿದೆ. ಮ್ಯಾನೇಜರ್ ಪ್ರಹ್ಲಾದರಾಯರು ಮನೆಯಲ್ಲಿ ಮರಾಠಿ, ಮಿಲ್ಲಿನಲ್ಲಿ ಕನ್ನಡ ಆಡುವ ಹಿರಿಯರು. ಹೊಸ ಯಂತ್ರ ಬೇಳೆಯ ಬಣ್ಣ ನೋಡಿ ಕಪ್ಪು ಕಾಳನ್ನು ಗಾಳಿಯಿಂದ ಊದಿ ತೆಗೆಯುವಂಥದು. ನಡೆಸುತ್ತಿದ್ದವನು ರಜೆಯ ಮೇಲೆ ಊರಿಗೆ ಹೋದವನು ಫೋನೇ ಎತ್ತುತ್ತಿರಲಿಲ್ಲ. ಆ ಕೆಲಸ ಸಂಗೀತಾಳಿಗೆ ಕೊಡಿ ಎಂದೆ.

"ಹೆಣ್ಣುಮಗಳು ನಡಸ್ತಾಳೇನ್ರಿ?" ಎಂದರು.

"ಕಲಿಸಿದರೆ ನಡೆಸುತ್ತಾಳೆ. ಹೊರಗಿನವರು ಊರಿಗೆ ಹೋಗುತ್ತಾರೆ ಸರ್. ಇವಳ ಊರು ಇದೇ."

ರಾಯರು ಕನ್ನಡಕ ಒರೆಸಿಕೊಂಡರು. "ಆತು, ಮಧ್ಯಾಹ್ನ ಕಳಸ್ರಿ. ನೋಡೂಣು."

ನಮ್ಮ ಕೇಂದ್ರದ ಮುಖ್ಯಸ್ಥರು ಮಾತ್ರ ಹಾರಾಡಿದರು. ಹೋಟೆಲ್ ಕೋರ್ಸಿಗೆ ಸೇರಿದವಳು ಬೇಳೆ ಮಿಲ್ಲಿನಲ್ಲಿ ಏನು ಕಲಿಯುವುದು, ಮೇಲಿನವರಿಗೆ ಏನು ಹೇಳುವುದು? ಮೇಲಿನವರು ಒಮ್ಮೆ ಕಿಟಕಿಯಿಂದ ಆಚೆ ನೋಡಲಿ ಎಂದೆ. ಬೆಳಿಗ್ಗೆ ನನ್ನ ಪಾಠ, ಮಧ್ಯಾಹ್ನ ಮಿಲ್ಲು ಎಂದು ಒಪ್ಪಂದವಾಯಿತು. ಯಂತ್ರದ ಕಂಪನಿಯಿಂದ ಬಂದಿದ್ದ ತಂತ್ರಜ್ಞ ಅವಳಿಗೆ ಗಾಜು ಒರೆಸುವುದು, ಬಣ್ಣದ ಅಳತೆ ಇಡುವುದು, ಕಾಳು ಬೀಳುವ ವೇಗ ಹೊಂದಿಸುವುದು ಕಲಿಸಿದ. ವೇಗ ಹೆಚ್ಚಾದರೆ ಕಾಳಿನ ಮೇಲೆ ಕಾಳು ಬಿದ್ದು ಯಂತ್ರಕ್ಕೆ ಕಾಣುವುದಿಲ್ಲ, ಕಪ್ಪು ದಾಟಿಹೋಗುತ್ತದೆ. ಇದನ್ನು ಸಂಗೀತಾ ನನಗೇ ವಿವರಿಸಿದಳು.

ಅವಳೊಬ್ಬಳೇ ನಿಂತು ನಡೆಸಿ ತೋರಿಸುವ ದಿನ ನಾನೂ ಹೋಗಿದ್ದೆ. ಬೇಳೆ ಬಂಗಾರದ ಹಾಗೆ ಬೀಳುತ್ತಿತ್ತು. ಹೊರಗೆ ಲಾರಿ ಕಾಯುತ್ತಿತ್ತು. ರಾಯರು ಒಳಗೆ ಬಂದು, "ಸ್ವಲ್ಪ ಜಲ್ದಿ ಬಿಡಲಿಕ್ಕೆ ಆಗ್ತದೇನವಾ?" ಎಂದರು.

ಸಂಗೀತಾ ಬೆನ್ನು ನೇರ ಮಾಡಿ, ಕೈಕಟ್ಟಿ, ನಾನು ಕಲಿಸಿದ ನಗು ನಕ್ಕು ಹೇಳಿದಳು: "ಖಂಡಿತ ಸರ್. ಸಂತೋಷದಿಂದ."

ವೇಗ ಏರಿಸಿದಳು. ರಾಯರು ಇನ್ನೊಮ್ಮೆ ಕೇಳಿದರು. ಮತ್ತೆ ಖಂಡಿತ ಸರ್. ಚೀಲ ಬಿಚ್ಚಿ ನೋಡಿದಾಗ ಬಿಳಿ ಅನ್ನದಲ್ಲಿ ಮೆಣಸು ಚೆಲ್ಲಿದಂತೆ ಕಪ್ಪು ಕಾಳು. ಅಷ್ಟನ್ನೂ ತಿರುಗಿ ಯಂತ್ರಕ್ಕೆ ಸುರಿಯಬೇಕಾಯಿತು, ಲಾರಿ ಖಾಲಿ ಹೋಯಿತು.

"ಆಗಂಗಿಲ್ಲ ಅಂತ ನಿನಗ ಗೊತ್ತಿತ್ತಲ್ಲ?" ರಾಯರು ಕೇಳಿದರು.

"ಗೊತ್ತಿತ್ರಿ," ಸಂಗೀತಾ ತಲೆ ತಗ್ಗಿಸಿದಳು. "ಎದುರಿಗಿದ್ದವರಿಗೆ ಇಲ್ಲ ಅನಬಾರದಂತ ಕಲ್ತಿದ್ನಿರಿ."

ರಾಯರು ನನ್ನ ಕಡೆ ತಿರುಗಿದರು. "ಹೂಂ ಅನ್ನವ್ರು ನನ್ನ ಹತ್ರ ಭಾಳ ಮಂದಿ ಇದ್ದಾರ, ಮೇಡಂ. ಮಷಿನ್ ಮುಂದ ಇಲ್ಲ ಅನ್ನವ್ರು ಬೇಕು."

ಹುಟ್ಟಿನಿಂದ 'ಆಗಂಗಿಲ್ಲ' ಎಂದು ಸಲೀಸಾಗಿ ಹೇಳಬಲ್ಲ ನಾಡಿನ ಹೆಣ್ಣುಮಗಳ ಬಾಯಿಂದ ಆ ಮಾತನ್ನೇ ಕಿತ್ತು, ಅದಕ್ಕೆ ತರಬೇತಿ ಎಂದು ಹೆಸರಿಟ್ಟಿದ್ದೆವು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಮನೆಯಲ್ಲಿ ಹೇಳಿಕೊಂಡೆ. ಖಾಲಾ ಸೆರಗು ಬಾಯಿಗೆ ಇಟ್ಟುಕೊಂಡು ಮನಸಾರೆ ನಕ್ಕರು. "ಕಾಯ್ಕು ಫಿಕರ್, ಬೇಟಿ? ಚಿಂತಿ ಯಾಕ್ ಮಾಡ್ತಿ? ನಕ್ಕೋ ಅನ್ನೂದು ನಮ್ ಮಂದಿಗಿ ಮರ್ತು ಹೋಗಂಗಿಲ್ಲ."

ರಾಯರ ಹತ್ತಿರ ಇನ್ನೊಂದು ಅವಕಾಶ ಕೇಳಲು ನಾನು ಹೋಗುವ ಮೊದಲೇ ಸಂಗೀತಾ ಹೋಗಿ ಕೇಳಿದ್ದಳು. ಈ ಸಲ ನನ್ನನ್ನು ಒಳಗೆ ಬರಬೇಡಿ ಅಂದಳು. "ನೀವ್ ಇದ್ರ ನನಗ ಕ್ಲಾಸಿನ ನಗು ಬರ್ತದ್ರಿ." ಬಾಗಿಲ ಹೊರಗೆ ನಿಂತೆ. ಹೊತ್ತು ಕಳೆದಂತೆ ಲಾರಿಯವನು ಹಾರನ್ ಒತ್ತತೊಡಗಿದ. ರಾಯರ ದನಿ ಕೇಳಿಸಿತು, ಜಲ್ದಿ ಬಿಡು ಎಂದು. ಈ ಸಲವೂ ನಿಜವಾಗಿಯೇ ಅವಸರವಿತ್ತು.

"ಆಗಂಗಿಲ್ರಿ ಸರ್."

"ಲಾರಿ ನಿಂತದವಾ."

"ನಿಂದರ್ಲಿ ಬಿಡ್ರಿ. ಇನ್ನ ಜಲ್ದಿ ಬಿಟ್ರ ಬ್ಯಾಳಿ ಕೆಡ್ತದ."

ರಾಯರು ಸಿಟ್ಟಿನಿಂದಲೇ ಹೊರಗೆ ಬಂದರು. ಲಾರಿಯವನಿಗೆ ಚಹಾ ತರಿಸಿ, ತಾವೂ ಕುಡಿದು, ಮೀಸೆ ಒರೆಸಿಕೊಂಡು ಹೇಳಿದರು: "ನಾಳಿಂದ ಬರ್ಲಿಕ್ಕೆ ಹೇಳ್ರಿ ಆಕಿಗೆ."

ನನಗೆ ಆದ ಸಂತೋಷಕ್ಕೆ ಮೈಸೂರಿನ ಅಮ್ಮನಿಗೆ ಅಲ್ಲಿಂದಲೇ ಫೋನು ಮಾಡಿದೆ. ಅಮ್ಮ ಕೇಳಿಸಿಕೊಂಡು, "ಒಳ್ಳೇದಾಯ್ತು. ನಿನ್ನ ಹಳೇ ಹೋಟೆಲ್ಲಿನವರು ಮನೆಗೆ ಬಂದಿದ್ರು. ದೊಡ್ಡ ಹುದ್ದೆ ಕೊಡ್ತಾರಂತೆ. ಬರ್ತೀಯಾ ಹೇಗೆ?" ಎಂದಳು.

ನೋಡೋಣ ಎಂದೆ. ಅಲ್ಲಿಯ ಮಾತು ಬಾಯಿಗೆ ಬಂತು. ಹೋಗಲು ಮನಸ್ಸಿಲ್ಲವೆಂದಲ್ಲ, ಅಮ್ಮನ ಕೈ ಊಟ, ಸಂಜೆಯ ತಣ್ಣನೆ ಗಾಳಿ, ನನ್ನ ಮಾತು ಯಾರಿಗೂ ವಿಚಿತ್ರವಾಗಿ ಕೇಳಿಸದ ಬೀದಿ, ಎಲ್ಲ ಬೇಕು. ಆದರೆ ಸಂಗೀತಾಳ ಹಿಂದೆ ತರಗತಿಯಲ್ಲಿ ಇನ್ನೂ ಎಷ್ಟೋ ಜನ ಕೂತಿದ್ದಾರೆ, ಎಲ್ಲರ ಬಾಯಲ್ಲೂ ಅದೇ ಪ್ರಶ್ನೆ. ನಂದೂರಿನಲ್ಲಿ ಕೇಳದೆ ಉಳಿದ ಮಿಲ್ಲುಗಳೂ ಇವೆ. ಇವತ್ತು ಹೊರಟೆ ಅನ್ನಿಸುತ್ತದೆ, ನಾಳೆ ಬೆಳಿಗ್ಗೆ ಆಟೊ ಹತ್ತಿ ಇನ್ನೊಂದು ಮಿಲ್ಲಿನ ಗೇಟಿನ ಮುಂದೆ ನಿಂತಿರುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ಸಂಜೆ ಸಂಗೀತಾಳ ಜೊತೆ ಬಸ್ ಸ್ಟ್ಯಾಂಡಿನವರೆಗೆ ಹೋದೆ. ಕಮಲಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಹಿಡಿದಳು, ತಲೆಗೂದಲಲ್ಲಿ ಇನ್ನೂ ಬೇಳೆಯ ಹಿಟ್ಟು. ಬಸ್ಸು ಹೋದ ಮೇಲೆ ನಡೆದು ಬಂದು ಖಾಲಾ ಅವರ ಮನೆಯ ಮೆಟ್ಟಿಲ ಮೇಲೆ ಕೂತೆ. ಒಂದು ಗಂಟೆ ಕಳೆದರೂ ಬೆಳಕು ಇನ್ನೂ ಇತ್ತು. ಫೋನು ಬಂತು. ಹಿಂದೆ ಮಗಳು ಏನೋ ಹಟ ಮಾಡುವುದು ಕೇಳುತ್ತಿತ್ತು.

"ಮನಿ ಮುಟ್ಟಿನ್ರಿ, ಮೇಡಂ," ಎಂದಳು ಸಂಗೀತಾ. "ನೀವು ಮುಟ್ಟಿದ್ರೇನ್ರಿ?"

ಕೋಣೆಯ ಬೀಗದ ಕೈ ನನ್ನ ಕೈಯಲ್ಲೇ ಇತ್ತು. "ಇನ್ನೂ ಇಲ್ಲ, ಸಂಗೀತಾ," ಎಂದೆ.