ಅಮ್ಮನ ದ್ರಾಕ್ಷಿ ಚಪ್ಪರ

ಕೆಂಪಾಪುರದ ನಮ್ಮ ಬಾಲ್ಕನಿಯಲ್ಲಿ ಸಂಜೆ ಕಣ್ಣು ಮುಚ್ಚಿ ಕೂತರೆ ಏರ್‌ಪೋರ್ಟ್ ರಸ್ತೆಯ ಸದ್ದು ಗಾಳಿ ಬೀಸಿದಂತೆ ಕೇಳುತ್ತದೆ. ಆಗೆಲ್ಲ ನನಗೆ ಕೆಳಗಿನ ಪಾರ್ಕಿಂಗ್ ಜಾಗದಲ್ಲಿ ದ್ರಾಕ್ಷಿ ಚಪ್ಪರ ಕಾಣುತ್ತಿತ್ತು. ಅಮ್ಮ ಬೆಳೆದದ್ದು ಇಲ್ಲೇ. ಆಗ ಸುತ್ತಲೂ ದ್ರಾಕ್ಷಿ ತೋಟಗಳಿದ್ದವಂತೆ. ಅವುಗಳ ಬಗ್ಗೆಯೇ ನಾನು ಎಂ.ಎ. ಪ್ರಬಂಧ ಬರೆಯಲು ಹೊರಟಿದ್ದೆ.

ಉತ್ಸಾಹವೇನೋ ಬೆಟ್ಟದಷ್ಟಿತ್ತು. ಸಿಕ್ಕಿದ್ದು ಅಂತರ್ಜಾಲದ ವಿಶ್ವಕೋಶದಲ್ಲಿ ಎರಡು ಸಾಲು, ಅದು ತೋರಿಸಿದ ಪುಸ್ತಕದಲ್ಲಿ ಒಂದು ಪ್ಯಾರಾ. ಆ ಪುಸ್ತಕ ಬರೆದವರೂ ತೋಟ ಕಂಡವರಲ್ಲ. ನನ್ನ ಮಾರ್ಗದರ್ಶಕಿ ಕರಡನ್ನು ವಾಪಸು ಕೊಟ್ಟರು. ವಿಶ್ವಕೋಶ ತೃತೀಯ ಆಕರ, ಪುಸ್ತಕ ದ್ವಿತೀಯ ಆಕರ, ಎರಡೂ ದಾರಿ ತೋರಿಸಲಿಕ್ಕೆ ಸರಿ. ಆ ಕಾಲದ್ದೇ ವಸ್ತುವೋ, ಕಂಡವರ ಮಾತೋ, ಒಂದಾದರೂ ಪ್ರಾಥಮಿಕ ಆಕರ ಇಲ್ಲದಿದ್ದರೆ ವಿಷಯ ಬದಲಿಸಿ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಈ ವಿಷಯ ಬಿಟ್ಟರೆ ಅಮ್ಮನ ಬಾಲ್ಯವನ್ನೇ ಬಿಟ್ಟುಕೊಟ್ಟಂತೆ ಅನಿಸಿ ದುಃಖವೂ ಆಯಿತು.

ಆಗ ನೆನಪಾದದ್ದು ಮನೆಯಲ್ಲಿದ್ದ ಅಮ್ಮನ ಬಾಲ್ಯದ ಫೋಟೋ. ಪುಟ್ಟ ಅಮ್ಮ, ಎರಡು ಜಡೆ, ಹಿಂದೆ ಗೊಂಚಲು ಗೊಂಚಲು ದ್ರಾಕ್ಷಿ. ಆ ಚಪ್ಪರದ ನೆರಳಲ್ಲಿ ನಾನು ಕನಸಿನಲ್ಲಿ ಎಷ್ಟೋ ಸಲ ಓಡಾಡಿದ್ದೇನೆ. ಇದಕ್ಕಿಂತ ಪ್ರಾಥಮಿಕವಾದದ್ದು ಬೇಕೆ ಎಂದು ಬೀಗುತ್ತ ಅದನ್ನು ಅಮ್ಮನ ಮುಂದೆ ಹಿಡಿದು, ಇದು ಯಾವ ತೋಟ ಎಂದು ಕೇಳಿದೆ.

ಅಮ್ಮ ಕನ್ನಡಕ ಹಾಕಿಕೊಂಡು, ಅದನ್ನು ಕೈಗೆ ತೆಗೆದುಕೊಂಡು ನೋಡಿ ನಕ್ಕಳು.

“ತೋಟ ಎಲ್ಲಿಂದ ಬರ್ಬೇಕು? ಯಶವಂತಪುರದ ಸ್ಟುಡಿಯೋ ಕಣೇ ಅದು. ಹಿಂದೆ ಇರೋದು ಬಣ್ಣದಲ್ಲಿ ಚಿತ್ರ ಬರೆದ ಪರದೆ.”

ನನ್ನ ಮುಖ ಸಪ್ಪಗಾಯಿತು. ಇಷ್ಟು ವರ್ಷ ನಾನು ಓಡಾಡಿದ್ದು ಬಟ್ಟೆಯ ಮೇಲೆ. ಸ್ಟುಡಿಯೋಗಳ ಬಗ್ಗೆ ಬರೆಯುವವರಿಗೆ ಆ ಫೋಟೋ ಚಿನ್ನದಂಥ ಆಕರ. ನನ್ನ ತೋಟಕ್ಕೆ ಮೂರು ಕಾಸಿನ ಪ್ರಯೋಜನವಿಲ್ಲ.

ಅಮ್ಮ ಮಾತ್ರ ಫೋಟೋ ಕೆಳಗಿಡಲಿಲ್ಲ. ಮಗುವಿನ ಬಲಗೈಯನ್ನು ಬೆರಳಿಂದ ಮೆಲ್ಲಗೆ ಮುಟ್ಟಿದಳು. ಮುಷ್ಟಿ ಬಿಗಿಯಾಗಿತ್ತು. ನಾನು ಅದನ್ನು ಯಾವತ್ತೂ ಗಮನಿಸಿರಲಿಲ್ಲ. ಅವತ್ತು ಸ್ಟುಡಿಯೋಗೆ ಹೊರಟು ಬಸ್ಸಿಗೆಂದು ಹೋಗುವಾಗ ತೋಟದ ಬೇಲಿಯೊಳಗೆ ಕೈ ತೂರಿಸಿ ಒಂದು ದ್ರಾಕ್ಷಿ ಕಿತ್ತಿದ್ದಳಂತೆ.

“ಅಪ್ಪ ಬೈತಾರೆ ಅಂತ ಮುಚ್ಚಿಟ್ಕೊಂಡಿದ್ದೆ. ಫೋಟೋ ತೆಗೆಯೋಷ್ಟ್ರಲ್ಲಿ ಹಣ್ಣು ಒಡ್ದು ಬೆರಳೆಲ್ಲ ಅಂಟಂಟು.”

ಕಂಡವರ ಮಾತೋ ಎಂದಿದ್ದರಲ್ಲ ಮಾರ್ಗದರ್ಶಕಿ, ಅದು ನಿಜಕ್ಕೂ ನನ್ನ ಕಿವಿಗೆ ಬಿದ್ದದ್ದು ಆಗ. ಫೋನಿನ ರೆಕಾರ್ಡರ್ ಹಚ್ಚಿ, ಬೇಲಿ ಎಲ್ಲಿತ್ತಮ್ಮಾ ಎಂದು ಕೇಳಿದೆ. ಅಮ್ಮ ಎದ್ದು ಬಾಲ್ಕನಿಗೆ ಬಂದಳು. ಅರ್ಧ ಮುಚ್ಚಿದ ಬಲಗೈಯನ್ನು ಹಾಗೇ ಚಾಚಿ, ಕೆಳಗೆ ನಮ್ಮ ಕಾರು ನಿಂತಿದ್ದ ಜಾಗವನ್ನು ತೋರಿಸಿದಳು.