ಹೊಳೆ ಮುಟ್ಟದ ಮರಳು ಕೂಸು

ಆಗ ನನಗೆ ಹದಿಮೂರು. ಅದಾಗಿ ಅರವತ್ತು ವರ್ಷದ ಮೇಲಾಯಿತು. ಕೊಡಗು ಮೈಸೂರಿಗೆ ಸೇರಿದ ಹೊಸದು. ಶಿರಂಗಾಲದ ನಮ್ಮ ಮನೆಗೆ ಅದರಿಂದ ಬಂದದ್ದೂ ಇಲ್ಲ, ಹೋದದ್ದೂ ಇಲ್ಲ.

ಮುಂಗಾರಿಗೆ ಮುಂಚೆ ಕಾವೇರಿ ಇಳಿದು ಮರಳು ದಿಬ್ಬ ಎದ್ದಾಗ ನಮ್ಮ ಕಡೆ ವರ್ಷಕ್ಕೊಮ್ಮೆ ಮರಳು ಹಬ್ಬ. ಯಾರಿಗೆ ಏನು ಬೇಕೋ ಅದನ್ನು ಹಸಿ ಮರಳಲ್ಲಿ ಮಾಡಿಡುವುದು. ಹಸು, ಮನೆ, ಎತ್ತಿನ ಗಾಡಿ. ಕುಶಾಲನಗರದಿಂದ ಪುರಿ ಮಾರುವವರು ಬರುತ್ತಿದ್ದರು. ಸುಂಟಿಕೊಪ್ಪದ ಎಸ್ಟೇಟ್ ಲೈನುಮನೆಗಳ ಕೂಲಿ ಹೆಂಗಸರೂ ಬಂದು ತಮಗೆ ಬೇಕಾದ್ದು ಮಾಡಿಟ್ಟು ಹೋಗುತ್ತಿದ್ದರು. ಆಮೇಲೆ ಕಾಯುವುದು. ಮೇಲಿನ ಸೀಮೆಯಲ್ಲಿ ಮಳೆಯಾಗಿ ಕೆಂಪು ಹೊಸ ನೀರು ತಾನಾಗಿ ಬಂದು ಅದನ್ನು ಕರಗಿಸಿದರೆ ಕಾವೇರಮ್ಮ ಒಪ್ಪಿದಳು ಎಂದು. ಅದಕ್ಕೆ ಮೊದಲೇ ದನ ತುಳಿದರೆ, ನಾಯಿ ಕೆದಕಿದರೆ, ಮಳೆ ಹನಿ ಕರಗಿಸಿದರೆ, ಆ ವರ್ಷ ಇಲ್ಲ.

ಅಣ್ಣನ ಹೆಂಡತಿ, ನನ್ನ ಅತ್ತಿಗೆ, ಮದುವೆಯಾಗಿ ಬಂದಾಗಿನಿಂದ ಮರಳಲ್ಲಿ ಕೂಸು ಮಾಡುತ್ತಿದ್ದಳು. ಹಿಂದಿನ ವರ್ಷ ನೀರಿನ ಅಂಚಿಗೇ ಮಾಡಿದ್ದಳು. ನೀರು ಕುಡಿಯಲು ಇಳಿದ ಎಮ್ಮೆ ಅದರ ಹೊಟ್ಟೆಯ ಮೇಲೇ ಕಾಲಿಟ್ಟಿತು. ಈ ಸಲವೂ ಆಗದಿದ್ದರೆ ತನ್ನ ತಮ್ಮನ ಮಗಳನ್ನು ಅಣ್ಣನಿಗೆ ತಂದುಕೊಳ್ಳುತ್ತೇನೆ ಎಂದು ಅವ್ವ ಒಲೆಯ ಮುಂದೆ ಎಲ್ಲರಿಗೂ ಕೇಳುವಂತೆ ಹೇಳಿದಳು. ಅಣ್ಣ ತಲೆ ಎತ್ತದೆ ಮುದ್ದೆ ನುಂಗಿದ.

ಅದಕ್ಕೇ ಅತ್ತಿಗೆ ಆ ವರ್ಷ ದಿಬ್ಬದ ಮೇಲಕ್ಕೆ, ಹೊಂಗೆ ಮರದ ಹತ್ತಿರ ಹೋದಳು. ಅಲ್ಲಿಗೆ ದನ ಬರುವುದಿಲ್ಲ. ನಾನು ಮಂಕರಿಯಲ್ಲಿ ಹಸಿ ಮರಳು ಹೊತ್ತು ಹಾಕಿದೆ. ಕೂಸು ಚೆನ್ನಾಗಿಯೇ ಬಂತು. ಮುಷ್ಟಿ ಕಟ್ಟಿಕೊಂಡು ಮಲಗಿತ್ತು. ಕೆಳಗೆ ಮರಳಲ್ಲಿ ಬಸ್ಸು ಮಾಡುತ್ತಿದ್ದ ಪಕ್ಕದ ಮನೆಯ ದೊಡ್ಡವ್ವ ಕೂಗಿದಳು.

"ಏನವ್ವ, ಕೂಸನ್ನ ಅಟ್ಟದ ಮೇಲೆ ಮಲಗ್ಸಿದ್ದೀಯಾ?"

"ಇಲ್ಲಾದ್ರೆ ಯಾವ್ದೂ ತುಳಿಯಲ್ಲ ದೊಡ್ಡವ್ವ."

"ತುಳಿಯಲ್ಲ, ಸರಿ. ಹೊಳೆ ಹತ್ಬೇಕಲ್ಲ ಅಲ್ಲಿಗಂಟ."

"ಹೋದ್ ವರ್ಷ ಮರದ ಬುಡಕ್ಕೇ ಬಂದಿತ್ತು."

"ಬಂದ್ರೆ ಸರಿ. ನಂಗೆ ಬಸ್ ಬಂದ್ರೆ ಸಾಕು. ಸಂತೆಗೆ ನಡ್ದು ನಡ್ದು ಹಿಮ್ಮಡಿ ಸವ್ದೋಯ್ತು."

ಬಸ್ಸು ಮುಂದಿನ ವರ್ಷ ಬಂತು. ಕಾವೇರಮ್ಮ ತಂದದ್ದಲ್ಲ, ರಸ್ತೆ ಆಯಿತು, ಬಂತು.

ಅತ್ತಿಗೆ ಕೂಸಿನ ಮೇಲೆ ಮಳೆಗಾಲದಲ್ಲಿ ತಲೆಗೆ ಹೊದೆಯುವ ಗೊರಬೆ ಕವುಚಿ, ಮಳೆ ಹನಿ ತಾಗದಂತೆ ಕಾಯ್ದಳು. ಬೆಳಿಗ್ಗೆ ಹೋಗಿ ನೋಡುವಳು, ಸಂಜೆ ಹೋಗಿ ನೋಡುವಳು. ಹೊಸ ನೀರು ಬಂತೆಂದು ಊರೆಲ್ಲ ದಡಕ್ಕೆ ಬಂದು ನಿಂತ ದಿನ ಅತ್ತಿಗೆಯೇ ಗೊರಬೆ ತೆಗೆದಳು. ನೀರು ದೊಡ್ಡವ್ವನ ಬಸ್ಸು ಕರಗಿಸಿತು, ಹಸುಗಳನ್ನು ಕರಗಿಸಿತು, ಕೂಸಿನ ಕಾಲಿನಿಂದ ಒಂದು ಮೊಳ ಕೆಳಗೆ ನಿಂತಿತು. ಹೊತ್ತು ಇಳಿಯುವವರೆಗೂ ಅಲ್ಲೇ ನಿಂತಿತ್ತು. ಆಮೇಲೆ ಇಳಿಯತೊಡಗಿತು. ಜನ ಮನೆಗೆ ಹೊರಟರು.

ಅತ್ತಿಗೆ ಎರಡು ಕೊಡ ತೆಗೆದುಕೊಂಡು ಹೊಳೆಗೆ ಇಳಿದಳು. ತುಂಬಿಸಿ ತಂದು ಕೂಸಿನ ಕಾಲಿಗೆ ಸುರಿದಳು. ಮತ್ತೆ ಇಳಿದಳು.

"ಏನೇ ಅದು?" ಎಂದಳು ಅವ್ವ.

"ಹೊಳೆ ನೀರೇ ಅತ್ತೆ."

"ನೀರು ಹೊಳೇದು. ಹೊತ್ತಿದ್ದು ನೀನು. ಅವ್ಳು ಬರ್ಲಿಲ್ಲ, ಬಿಡು."

ಅತ್ತಿಗೆ ಬಿಡಲಿಲ್ಲ. ಕಾಲು ಹೋಯಿತು, ಹೊಟ್ಟೆ ಹೋಯಿತು, ಮುಖವೂ ಹೋಯಿತು. ಕೊನೆಗೆ ಕೊಡಗಳನ್ನು ಅಲ್ಲೇ ಬೋರಲು ಹಾಕಿ ಕೂತಳು. ಅಣ್ಣ "ನಡಿ" ಎಂದ. ಯಾರಿಗೆ ಹೇಳಿದನೋ, ಅವ್ವನ ಹಿಂದೆ ಹೋಗಿಬಿಟ್ಟ.

ಅಂದು ಸಂಜೆಯೇ ಅವ್ವ ತಮ್ಮನ ಮನೆಗೆ ಹೇಳಿ ಕಳಿಸಿದಳು. ಹಾಗೆ ಬಂದವಳಿಗೂ ಮಕ್ಕಳಾಗಲಿಲ್ಲ. ಅಣ್ಣನನ್ನು ಹೊಳೆಗೆ ಕರೆದುಕೊಂಡು ಹೋಗಿ ಏನಾದರೂ ಮಾಡಿಸಬೇಕಿತ್ತು ಎಂದು ಯಾರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಅತ್ತಿಗೆ ಸೀರೆ ಗಂಟು ಕಟ್ಟಿಕೊಂಡು ತವರಿಗೆ ನಡೆದಳು. ಇರು ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯಲ್ಲಿ ನೀರಿರಲಿಲ್ಲ. ದಿಬ್ಬದ ಮೇಲೆ ಕೊಡಗಳು ಬೋರಲು ಬಿದ್ದ ಹಾಗೇ ಇದ್ದವು. ಒಳಗಿನ ಮರಳು ತೊಳೆದು ತುಂಬಿಸಿಕೊಂಡು ಬಂದೆ. ಕೆಂಪು ನೀರು. ತಿಳಿಯಾಗಲಿ ಎಂದು ಮೂಲೆಗಿಟ್ಟು, ಸಗಣಿ ಬಾಚಲು ಹೋದೆ.