ಎಂಟುನೂರ ನಲವತ್ತು ಗ್ಯಾಲನ್ನಿನ ಪದವಿ

ಅಮೆರಿಕದ ವರ್ಮಾಂಟಿನ ನಮ್ಮೂರಲ್ಲಿ ಮೇಪಲ್ ಮರದ ರಸ ಕಾಯಿಸಿ ಪಾಕ ಮಾಡುವವರಿಗೆಲ್ಲ ಒಂದು ಚಟ. ಲೆಕ್ಕವನ್ನು ಪುಸ್ತಕದಲ್ಲಿ ಬರೆಯುವುದಿಲ್ಲ, ಪಾಕದ ಮನೆಯ ಹಲಗೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಗೀಚುತ್ತಾರೆ. ಆರ್ಮಾಂಡ್ ಗೊಡೆಟ್‌ನ ಗೋಡೆಯಲ್ಲಿ ಅಜ್ಜನ ಕಾಲದಿಂದ ಯಾವ ವರ್ಷ ಎಷ್ಟು ಗ್ಯಾಲನ್ ಎಂಬುದೆಲ್ಲ ಇದೆ. ಅದರ ನಡುವೆ ಎರಡು ವರ್ಷದ ಹಿಂದಿನ ಒಂದು ಸಾಲು: ‘ಜನೀನಳ ರಾಜ್ಯಶಾಸ್ತ್ರ. ಹೋದದ್ದು ೮೪೦ ಗ್ಯಾಲನ್. ಬಂದದ್ದು...’ ಮುಂದೆ ಖಾಲಿ.

ಮಗಳು ಜನೀನಳ ಓದಿನ ಸಾಲ ನಲವತ್ತೆರಡು ಸಾವಿರ ಡಾಲರ್ ಎಂದರೆ ಆರ್ಮಾಂಡನ ತಲೆಗೆ ಹತ್ತದು. ಗ್ಯಾಲನ್ನಿಗೆ ಐವತ್ತರಂತೆ ಪಾಕಕ್ಕೆ ಇಳಿಸಿದರೆ ಚೆನ್ನಾಗಿ ಹತ್ತುತ್ತದೆ: ಮೂರು ವಸಂತ ಒಲೆಯ ಮುಂದೆ ಬೆಂದಷ್ಟು! ಅಷ್ಟು ಸುರಿದು ಓದಿದ ಹುಡುಗಿ ಈಗ ಊರಿನ ಅಂಗಡಿಯಲ್ಲಿ ಗಂಟೆಗೆ ಹದಿನೇಳು ಡಾಲರಿಗೆ ಚೀಸ್ ಕತ್ತರಿಸುತ್ತಾಳೆ. ಗೆಳೆಯ ವೆಂಡೆಲ್‌ನ ಮಗ ಕಾಲೇಜಿನ ಮೆಟ್ಟಿಲು ಹತ್ತದೆ ವೆಲ್ಡಿಂಗ್ ಕಲಿತು ಮೂವತ್ತೈದು ಎಣಿಸುತ್ತಾನೆ. ವೆಂಡೆಲ್ ವಾರಕ್ಕೊಮ್ಮೆ ಬಂದು ಆ ಖಾಲಿ ಜಾಗಕ್ಕೆ ಬೆರಳಿಟ್ಟು, “ಏನಪ್ಪಾ, ಒಂದು ಲೋಟನಾದ್ರೂ ವಾಪಸ್ ಬಂತಾ?” ಎಂದು ಕೇಳದೆ ಹೋಗುವುದಿಲ್ಲ. ಆರ್ಮಾಂಡ್ ನಗುತ್ತಾನೆ. ಒಳಗೊಳಗೇ ಉರಿಯುತ್ತದೆ, ಆದರೂ ನಗುತ್ತಾನೆ.

ಚಳಿಗಾಲದಲ್ಲಿ ಊರಿನ ಹಿಮ ತಳ್ಳುವ ಲಾರಿ ಓಡಿಸುವುದೂ ಅವನೇ. ಆ ಲಾರಿಗೆ ಹತ್ತೊಂಬತ್ತು ವರ್ಷ. ಜನವರಿಯಲ್ಲಿ ಗುಡ್ಡದ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟು, ಹಿಮದ ರಾಶಿಗೆ ಮೂಗು ತೂರಿಸಿ ನಿಂತಿತ್ತು. ಈ ಸಲ ಹೊಸ ಲಾರಿ ಸಿಗದಿದ್ದರೆ ತಾನು ಇನ್ನು ಅದನ್ನು ಹತ್ತುವುದಿಲ್ಲವೆಂದು ಅವನು ಹೆಂಡತಿಯ ಮುಂದೆ ಆಣೆ ಮಾಡಿದ್ದ. ಮೂವತ್ತು ವರ್ಷದ ಕೆಲಸ ಬಿಡುವುದೆಂದರೆ ಅವನಿಗೆ ಹಲ್ಲು ಕೀಳಿಸಿಕೊಂಡಂತೆ.

ಲಾರಿ ಕೊಡಬೇಕಾದದ್ದು ಊರೇ. ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರವರೆಲ್ಲ ಶಾಲೆಯ ಸಭಾಂಗಣದಲ್ಲಿ ಸಭೆ ಸೇರಿ ಪ್ರತಿ ಖರ್ಚಿಗೂ ಕೈಯೆತ್ತಬೇಕು. ಈ ಸಲ ಬೆಳಿಗ್ಗೆಯೆಲ್ಲ ಲಾರಿಯದೇ ಮಾತು. ಎದ್ದು ನಿಂತವರಲ್ಲಿ ಹೆಚ್ಚಿನವರು ಲಾರಿಯ ಪರ. ಆರ್ಮಾಂಡನ ಮುಖ ಅರಳಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಮಧ್ಯಾಹ್ನದ ಊಟಕ್ಕೆ ಬೀನ್ಸ್ ಕಾಳು ಬೆಂದ ಘಮ ಬಂತು. ಹೋದ ವರ್ಷ ಸೇಬಿನ ಪೈ ಹತ್ತೇ ನಿಮಿಷಕ್ಕೆ ಮುಗಿದಿತ್ತಲ್ಲ! ವೆಂಡೆಲ್ ಮೊದಲು ಎದ್ದ, ಅವನ ಹಿಂದೆ ಅರ್ಧ ಸಭೆಯೇ ಎದ್ದು ಊಟಕ್ಕೆ ಸಾಲು ನಿಂತಿತು.

ತೆರಿಗೆ ಎಂದರೆ ಮೈಯೆಲ್ಲ ಉರಿಯುವ ಹಾಲಿಸ್ ಮುದುಕ ಇದಕ್ಕೇ ಕಾದಿದ್ದ. “ಮಾತು ಸಾಕು, ಈಗ್ಲೇ ಕೈ ಎತ್ಸಿ!” ಎಂದ. ಉಳಿದವರು ಒಪ್ಪಿಬಿಟ್ಟರು. ಸಭೆ ನಡೆಸುವ ಯೂನಿಸ್ ಅಜ್ಜಿ ಎಣಿಸತೊಡಗಿದರು. ಲಾರಿ ಬೇಕೆಂದವರು ಮೂವತ್ತೆಂಟು. ಬೇಡವೆಂಬ ಕೈಗಳು ಏಳತೊಡಗಿದವು. ಎಣಿಕೆ ನಲವತ್ತು ದಾಟಿತು. ಆರ್ಮಾಂಡ್ ಪಕ್ಕಕ್ಕೆ ತಿರುಗಿ ನೋಡಿದ. ಜನೀನ್ ಕೈ ಎತ್ತಿದ್ದಳು.

ಅವನು ಅವಳ ತೋಳು ಜಗ್ಗಿದ. “ಏನೇ ಇದು? ನೀನೂನಾ?”

“ಅಪ್ಪಾ, ಸುಮ್ನಿರು ಸ್ವಲ್ಪ.”

ಲಾರಿಯ ಪ್ರಸ್ತಾಪ ಬಿದ್ದುಹೋಯಿತು. ಸ್ವಂತ ಮಗಳೇ ಕೈಕೊಟ್ಟಳಲ್ಲ ಎಂದು ಅವನಿಗೆ ಅಳುವೇ ಬಂತು. ತಟ್ಟೆ ಹಿಡಿದು ಮರಳಿದ ಜನಕ್ಕೆ ವಿಷಯ ತಿಳಿದು ಗುಲ್ಲೆದ್ದಿತು.

“ಇದು ಮೋಸ! ಇನ್ನೊಂದ್ಸಲ ಎತ್ಸಿ!” ವೆಂಡೆಲ್ ಕೂಗಿದ, ಗಡ್ಡದಲ್ಲಿ ಪೈ ಅಂಟಿಸಿಕೊಂಡೇ.

ಯೂನಿಸ್ ಸಭೆಯ ಸುತ್ತಿಗೆಯನ್ನು ಮೇಜಿಗೆ ಬಡಿದರು. “ಗೆದ್ದ ಕಡೆ ಕೈ ಎತ್ತಿದೋರು ಮಾತ್ರ ಹಾಗೆ ಕೇಳ್ಬಹುದು. ಅದೂ ನಾನು ಮುಂದಿನ ವಿಷಯ ಓದೋಕೆ ಮುಂಚೆ. ನೀನು ಪೈಗೆ ಕೈ ಎತ್ತಿದ್ದೆ, ಕೂತ್ಕೊ.”

“ಹಾಲಿಸ್, ನೀನಾದ್ರೂ ಕೇಳೋ!”

“ನಂಗೇನು ತಲೆ ಕೆಟ್ಟಿದ್ಯಾ?” ಹಾಲಿಸ್ ಆಗಲೇ ತಂದುಕೊಂಡಿದ್ದ ಬೀನ್ಸ್ ಕಾಳಿಗೆ ಉಪ್ಪು ಹಾಕಿಕೊಂಡ.

ಯೂನಿಸ್ ಕನ್ನಡಕ ಏರಿಸಿ ಮುಂದಿನ ಹಾಳೆ ತಿರುವಿದರು. ಆಗ ಜನೀನ್ ಎದ್ದು ನಿಂತಳು. “ನಾನು ಗೆದ್ದ ಕಡೇಲಿ ಕೈ ಎತ್ತಿದೀನಿ. ಲಾರಿ ವಿಷಯ ಮತ್ತೆ ತಗೋಬೇಕು ಅಂತ ಕೇಳ್ತೀನಿ.”

ಮೊದಲು ನಕ್ಕವರು ಯೂನಿಸ್. ಮತ್ತೆ ಕೈ ಎತ್ತಿಸಿದಾಗ ಬೇಕೆಂದವರು ನೂರ ನಾಲ್ಕು, ಕೆಲವರ ಎತ್ತಿದ ಕೈಯಲ್ಲಿ ಚಮಚವೂ ಇತ್ತು. ಆರ್ಮಾಂಡ್ ಎರಡೂ ಕೈ ಎತ್ತಿ ಬೈಸಿಕೊಂಡ.

“ಇದನ್ನೂ ಕಲಿಸ್ತಾರೇನೇ ಅಲ್ಲಿ?” ಮಗಳನ್ನು ಕೇಳಿದ.

“ಮೂರನೇ ವರ್ಷ. ನೀನು ಹತ್ತೊಂಬತ್ತು ಗ್ಯಾಲನ್ ಕೊಟ್ಟ ಪಾಠ.”

ಮನೆಗೆ ಹೊರಟವಳನ್ನು ಯೂನಿಸ್ ತಡೆದರು. “ನಂಗೆ ಎಂಬತ್ತೊಂದು ಕಣಮ್ಮಾ. ಮುಂದಿನ ವರ್ಷ ಸಭೆ ನಡೆಸೋ ಈ ಸುತ್ತಿಗೆಗೆ ನೀನು ಚುನಾವಣೆಗೆ ನಿಲ್ಲು. ವರ್ಷಕ್ಕೆ ನೂರು ಡಾಲರ್ ಸಂಬಳ.”

ಆರ್ಮಾಂಡ್ ಪಾಕದ ಮನೆಗೆ ಹೋಗಿ, ವೆಂಡೆಲ್‌ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಖಾಲಿ ಜಾಗದಲ್ಲಿ ‘ಲಾರಿ’ ಎಂದು ದಪ್ಪಗೆ ಬರೆದ.

ಜನೀನ್ ಇಣುಕಿದಳು. “ಅಪ್ಪಾ, ಸಾಲ ಹಾಗೇ ಇದೆ.”

“ಇರ್ಲಿ ಬಿಡು. ಸುತ್ತಿಗೆ ಸಂಬಳ ವರ್ಷಕ್ಕೆ ಎರಡು ಗ್ಯಾಲನ್. ನಾನ್ನೂರ ಇಪ್ಪತ್ತು ವರ್ಷಕ್ಕೆ ತೀರಿಹೋಗುತ್ತೆ.” ಹೇಳುತ್ತಲೇ ಅವನ ಕಣ್ಣು ತುಂಬಿತು. “ಅಲ್ಲೀವರ್ಗೂ ಹಿಮ ತಳ್ಳಿ ರಸ್ತೆ ನಾನು ಬಿಡಿಸ್ತೀನಿ, ನೀನು ಸಭೆಗೆ ಹೊತ್ತಿಗೆ ಸರಿಯಾಗಿ ಹೋಗು.”